ಬಾಸ್ಟನ್ನಿನ ಮಂಜುಗಡ್ಡೆ ಕಲ್ಕತ್ತೆಗೆ ಬಂದ ಬಗೆ



ಈ ತಿಂಗಳ ಮಾತುಕತೆಯ ವಿಷಯ ಸರಕು ಸಾಗಣೆ, ವಿತರಣೆ ಮತ್ತು ಗ್ರಾಹಕ ಸೇವೆ. ಹೆಸರು ಕೇಳಿದ ಕೂಡಲೇ ನಿಮ್ಮಲ್ಲಿ ಹಲವರು, ಇದು ವಾಣಿಜ್ಯ ವಿಭಾಗದವರ ಪಾಠ, ನಮಗೇಕೆ ಎಂದುಕೊಂಡಿರಬಹುದು. ವಿಜ್ಞಾನ ಓದಿದ ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಆದರೆ ಕಾರ್ಯಕ್ರಮಕ್ಕಾಗಿ ಓದುತ್ತಾ ಹೋದಂತೆ ಒಂದು ಕಥೆ ನನ್ನನ್ನು ಹಿಡಿದು ನಿಲ್ಲಿಸಿತು. ಅದರಲ್ಲಿ ಭೌತಶಾಸ್ತ್ರವಿದೆ, ಭೂಗೋಳವಿದೆ, ಚರಿತ್ರೆಯಿದೆ, ವ್ಯಾಪಾರವಿದೆ. ಒಬ್ಬ ಹಟಮಾರಿ ಮನುಷ್ಯನೂ ಇದ್ದಾನೆ. ಅದನ್ನು ನಿಮ್ಮ ಮುಂದಿಡುವ ಮೊದಲು ಅರಸೀಕೆರೆಯ ಒಂದು ಸೋಡಾ ಅಂಗಡಿಯ ಮಾತು ಹೇಳಬೇಕು.

ನಾನು ಚಿಕ್ಕವನಾಗಿದ್ದಾಗ ಬೇಸಿಗೆ ರಜೆಯಲ್ಲಿ ಅಲ್ಲಿನ ನೆಂಟರ ಮನೆಗೆ ಹೋಗುತ್ತಿದ್ದೆ. ರೈಲು ನಿಲ್ದಾಣದ ಸಮೀಪ ಒಬ್ಬ ಅಜ್ಜ ಸೋಡಾ, ಶರಬತ್ತು ಮಾರುತ್ತಿದ್ದರು. ಒಂದು ಹಳೆಯ ಮರದ ಪೆಟ್ಟಿಗೆಯ ತುಂಬ ಗರಗಸದ ಹೊಟ್ಟು. ಅದರೊಳಗೆ ಹೂತಿಟ್ಟ ದೊಡ್ಡ ಮಂಜುಗಡ್ಡೆ. ಮೇಲೆ ಮಡಿಸಿ ಹೊದಿಸಿದ ಗೋಣಿಚೀಲ. ಬೇಕಾದಷ್ಟನ್ನು ಒಡೆದು, ತೊಳೆದು, ಲೋಟಕ್ಕೆ ಹಾಕಿ ಕೊಡುತ್ತಿದ್ದರು. ಒಂದು ದಿನ ನಾನು ಕೇಳಿದೆ: "ಅಜ್ಜಾ, ಇಂಥ ಬಿಸಿಲಲ್ಲಿ ಗೋಣಿ ಹೊದಿಸಿದ್ರೆ ಸೆಖೆಯಾಗಿ ಇನ್ನೂ ಬೇಗ ಕರಗಲ್ವಾ?" ಅಜ್ಜ ನಕ್ಕು, "ಗೋಣಿಗೆ ಬಿಸಿ ಮಾಡೋಕೆ ಬರಲ್ಲ ಮಗಾ, ತಡೆಯೋಕೆ ಮಾತ್ರ ಬರುತ್ತೆ" ಎಂದರು.

ಉಷ್ಣವಹನದ ಪಾಠ ನನಗೆ ಮೊದಲು ಸಿಕ್ಕಿದ್ದು ಅಲ್ಲಿ. ಅದೇ ಉಪಾಯವನ್ನು ನಂಬಿ 1833ರಲ್ಲಿ ಒಂದು ಹಡಗು ಅಮೆರಿಕದ ಮಂಜುಗಡ್ಡೆಯನ್ನು ಬಂಗಾಳಕ್ಕೆ ಹೊತ್ತು ತಂದಿತ್ತು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಅದಕ್ಕೂ ಮೊದಲು

ನಮ್ಮ ದೇಶದವರಿಗೆ ಮಂಜುಗಡ್ಡೆ ಹೊಸದಲ್ಲ. ಅಕ್ಬರನ ಆಸ್ಥಾನದ ಅಬುಲ್ ಫಜಲ್ ತನ್ನ 'ಐನ್-ಇ-ಅಕ್ಬರಿ'ಯಲ್ಲಿ ಇದರ ಬಗ್ಗೆ ವಿವರವಾಗಿ ಬರೆದಿದ್ದಾನೆ. ಆಸ್ಥಾನವು ಪಂಜಾಬಿಗೆ ಹೋದ ಮೇಲೆ, ಅಂದರೆ 1580ರ ದಶಕದ ನಡುವಿನಿಂದ, ಲಾಹೋರಿನಿಂದ ಸುಮಾರು 45 ಹರದಾರಿ ದೂರದ ಬೆಟ್ಟಗಳಿಂದ ಹಿಮ ತರಿಸುವ ಏರ್ಪಾಡಾಯಿತು. ಮೂರು ದಾರಿಗಳು: ನದಿಯಲ್ಲಿ ದೋಣಿ, ನೆಲದ ಮೇಲೆ ಗಾಡಿ, ಇಲ್ಲವೇ ಹೊರುವವರ ತಲೆ. ಗಾಡಿಯ ದಾರಿಯಲ್ಲಿ ಅಲ್ಲಲ್ಲಿ ಕುದುರೆಗಳನ್ನು ಬದಲಾಯಿಸುವ ಠಾಣೆಗಳಿದ್ದವು. ವ್ಯಾಪಾರಿಗೆ ಎಲ್ಲಕ್ಕಿಂತ ಹೆಚ್ಚು ಲಾಭ ದೋಣಿಯಲ್ಲಿ, ಆಮೇಲೆ ಗಾಡಿಯಲ್ಲಿ, ಎಲ್ಲಕ್ಕಿಂತ ಕಡಿಮೆ ಆಳುಗಳಿಂದ ಹೊರಿಸಿದಾಗ ಎಂದೂ ಆತ ಗುರುತಿಸಿದ್ದಾನೆ. ನಾಲ್ಕು ಶತಮಾನಗಳ ಹಿಂದೆಯೇ ಸಾಗಣೆ ವೆಚ್ಚದ ಹೋಲಿಕೆ! ಇಂದಿಗೂ ಜಲಮಾರ್ಗವೇ ಅಗ್ಗ ಎಂಬ ಮಾತನ್ನು ನೀವು ಪಠ್ಯಪುಸ್ತಕದಲ್ಲಿ ಓದುತ್ತೀರಿ.

ಗಂಗಾ ಬಯಲಿನ ಜನರಿಗೆ ಇನ್ನೊಂದು ವಿದ್ಯೆ ಗೊತ್ತಿತ್ತು. ಚಳಿಗಾಲದ ನಿರ್ಮಲವಾದ, ಗಾಳಿಯಾಡದ ರಾತ್ರಿಗಳಲ್ಲಿ ಆಳವಿಲ್ಲದ ಗುಂಡಿ ತೋಡಿ, ಒಣ ಹುಲ್ಲು ಹಾಸಿ, ಅದರ ಮೇಲೆ ಮಣ್ಣಿನ ತಟ್ಟೆಗಳಲ್ಲಿ ತೆಳುವಾಗಿ ನೀರು ಹರಡುತ್ತಿದ್ದರು. ಬೆಳಗಿನ ಜಾವಕ್ಕೆ ನೀರಿನ ಮೇಲೆ ಮಂಜಿನ ಪೊರೆ ಕಟ್ಟಿರುತ್ತಿತ್ತು. ಗಾಳಿಯ ಉಷ್ಣಾಂಶ ಸೊನ್ನೆ ಡಿಗ್ರಿಗಿಂತ ಮೇಲಿದ್ದರೂ ನೀರು ಹೆಪ್ಪುಗಟ್ಟುತ್ತಿದ್ದುದು ಹೇಗೆ? ನೀರು ತನ್ನ ಶಾಖವನ್ನು ಬಾನಿನತ್ತ ವಿಕಿರಣದ ಮೂಲಕ ಕಳೆದುಕೊಳ್ಳುತ್ತದೆ. ಸ್ವಲ್ಪ ಭಾಗ ಆವಿಯಾಗಿ ಉಳಿದುದನ್ನು ತಂಪಾಗಿಸುತ್ತದೆ. ಕೆಳಗಿನ ಹುಲ್ಲು ನೆಲದ ಶಾಖ ಬಾರದಂತೆ ತಡೆಯುತ್ತದೆ. ಸರ್ ರಾಬರ್ಟ್ ಬಾರ್ಕರ್ ಎಂಬಾತ 1775ರಲ್ಲಿ ಈ ವಿಧಾನವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿ ಬರೆದ. ಕಲ್ಕತ್ತೆಗೆ ಇಂಥ ಮಂಜು ಹೂಗ್ಲಿಯ ಕಡೆಯಿಂದ ಬರುತ್ತಿತ್ತು. ಆದರೆ ಅದು ತೆಳು, ಪುಡಿಪುಡಿ, ಮಣ್ಣು ಮಿಶ್ರಿತ. ಲೋಟಕ್ಕೆ ಹಾಕಿ ಕುಡಿಯುವುದಕ್ಕಿಂತ ಪಾತ್ರೆಯನ್ನು ಹೊರಗಿನಿಂದ ತಂಪಾಗಿಡಲು ಮಾತ್ರ ಒದಗುವಂಥದು.

ಬೇಡಿಕೆ ಇತ್ತು. ಒಳ್ಳೆಯ ಸರಕು ಇರಲಿಲ್ಲ. ಸರಕು ಇದ್ದುದು ಭೂಮಿಯ ಇನ್ನೊಂದು ಮಗ್ಗುಲಲ್ಲಿ.

ಮೊದಲ ಹಡಗು, ಮೊದಲ ಸೋಲು

ಫ್ರೆಡರಿಕ್ ಟ್ಯೂಡರ್ 1783ರಲ್ಲಿ ಬಾಸ್ಟನ್ನಿನ ಅನುಕೂಲಸ್ಥ ಮನೆತನದಲ್ಲಿ ಹುಟ್ಟಿದವನು. ಅಲ್ಲಿನ ಚಳಿಗಾಲದಲ್ಲಿ ಕೆರೆಕೊಳಗಳೆಲ್ಲ ಹೆಪ್ಪುಗಟ್ಟುತ್ತವೆ. ಸ್ಥಿತಿವಂತರು ಆ ಮಂಜುಗಡ್ಡೆಯನ್ನು ಕಡಿದು, ನೆಲಮಾಳಿಗೆಯಲ್ಲಿಟ್ಟು ಬೇಸಿಗೆಯಲ್ಲಿ ಬಳಸುತ್ತಿದ್ದರು. ಇಲ್ಲಿ ಬಿಟ್ಟಿಯಾಗಿ ಸಿಗುವ ಇದನ್ನು ಬಿಸಿಲ ನಾಡುಗಳಿಗೆ ಒಯ್ದು ಮಾರಿದರೇನು ಎಂಬುದು ಟ್ಯೂಡರನ ಯೋಚನೆ. ಊರಿನ ಜನ ನಕ್ಕರು. ಕರಗುವ ಸರಕನ್ನು ಹೊರಲು ಯಾವ ಹಡಗಿನ ಮಾಲೀಕನೂ ಒಪ್ಪಲಿಲ್ಲ. ಕೊನೆಗೆ 'ಫೇವರಿಟ್' ಎಂಬ ಹಡಗನ್ನು ಅವನೇ ಕೊಂಡುಕೊಂಡ. 1806ರ ಫೆಬ್ರವರಿಯಲ್ಲಿ ಸುಮಾರು 130 ಟನ್ ಮಂಜುಗಡ್ಡೆ ಹೊತ್ತ ಹಡಗು ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದ ಕಡೆಗೆ ಹೊರಟಿತು.

ಸುಮಾರು ಮೂರು ವಾರಗಳಲ್ಲಿ ಹಡಗು ತಲುಪಿತು. ಮಂಜುಗಡ್ಡೆಯೂ ಚೆನ್ನಾಗಿಯೇ ಬಂತು. ಎಂದರೆ ಸಾಗಣೆ ಗೆದ್ದಿತ್ತು. ಹಾಗಿದ್ದರೂ ಟ್ಯೂಡರ್ ನಷ್ಟ ಅನುಭವಿಸಿದ. ಯಾಕೆ ಗೊತ್ತೇ?

ದ್ವೀಪದಲ್ಲಿ ಮಂಜುಗಡ್ಡೆ ಇಡಲು ಗೋದಾಮು ಇರಲಿಲ್ಲ. ಹಡಗಿನಿಂದಲೇ ಮಾರಬೇಕಾಯಿತು. ಕೊಳ್ಳುವವರು ಉಣ್ಣೆ ಬಟ್ಟೆಯನ್ನೋ ಕಂಬಳಿಯನ್ನೋ ತರಬೇಕೆಂದು ಪ್ರಕಟಣೆ ಕೊಟ್ಟರೂ, ಮಂಜುಗಡ್ಡೆಯನ್ನೇ ಕಂಡಿರದ ಜನಕ್ಕೆ ಅದನ್ನು ಇಟ್ಟುಕೊಳ್ಳುವ ಬಗೆ ತಿಳಿಯದು. ಒಬ್ಬ ಅದನ್ನು ನಡುಮಧ್ಯಾಹ್ನದ ಬಿಸಿಲಲ್ಲಿ ಮನೆಗೆ ಒಯ್ದು ಬಾಗಿಲ ಮುಂದೆ ತಟ್ಟೆಯಲ್ಲಿಟ್ಟು ಕರಗಿಹೋಯಿತೆಂದು ದೂರಿದ. ಇನ್ನೊಬ್ಬ ನೀರಿನ ತೊಟ್ಟಿಗೆ ಹಾಕಿದ. ಮತ್ತೊಬ್ಬ ಉಪ್ಪಿನಲ್ಲಿಟ್ಟ! ಟ್ಯೂಡರ್ ಪತ್ರವೊಂದರಲ್ಲಿ ಇದನ್ನೆಲ್ಲ ಬೇಸರದಿಂದ ಬರೆದಿದ್ದಾನೆ. ಆರೇಳು ವಾರಗಳಲ್ಲಿ ಉಳಿದದ್ದೆಲ್ಲ ನೀರಾಯಿತು.

ವಿದ್ಯಾರ್ಥಿಗಳೇ, ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಸರಕು ಬಂದರನ್ನು ಮುಟ್ಟಿತು ಎಂದ ಮಾತ್ರಕ್ಕೆ ಗ್ರಾಹಕನನ್ನು ಮುಟ್ಟಿದಂತಲ್ಲ. ಬಂದರಿನಿಂದ ಮನೆಯ ಲೋಟದವರೆಗಿನ ಕೊನೆಯ ಅರ್ಧ ಮೈಲಿಯಲ್ಲಿ ಟ್ಯೂಡರ್ ಸೋತಿದ್ದ. ತಪ್ಪು ಗ್ರಾಹಕನದು ಎಂದು ಅವನು ಸುಮ್ಮನಿರಬಹುದಿತ್ತು. ಹಾಗೆ ಸುಮ್ಮನಾಗಿದ್ದರೆ ಅವನ ಹೆಸರು ನಮಗೆ ತಿಳಿಯುತ್ತಿರಲಿಲ್ಲ.

ಮೊದಲು ಮನೆ, ಆಮೇಲೆ ಸರಕು

ಮುಂದಿನ ವರ್ಷಗಳು ಅವನಿಗೆ ಸುಲಭವಾಗಿರಲಿಲ್ಲ. 1807ರಲ್ಲಿ ಅಮೆರಿಕದ ಸರಕಾರ ವಿದೇಶ ವ್ಯಾಪಾರಕ್ಕೆ ತಡೆಯೊಡ್ಡಿತು. 1812ರಲ್ಲಿ ಬ್ರಿಟನ್ನಿನೊಡನೆ ಯುದ್ಧ ಬಂತು. ಸಾಲ ತೀರಿಸಲಾಗದೆ ಟ್ಯೂಡರ್ ಜೈಲನ್ನೂ ಕಂಡ. ಹೊರಬಂದವನು ಮತ್ತೆ ಮಂಜಿನ ವ್ಯಾಪಾರಕ್ಕೇ ಕೈಹಾಕಿದ. ಆದರೆ ಈ ಸಲ ಕ್ರಮ ತಿರುವುಮುರುವಾಯಿತು. ಕ್ಯೂಬಾದ ಹವಾನಾದಲ್ಲಿ ಮೊದಲು ಮಂಜಿನ ಉಗ್ರಾಣವನ್ನು ಕಟ್ಟಿಸಿದ. ಎರಡು ಪದರದ ಗೋಡೆ, ನಡುವೆ ಶಾಖ ತಡೆಯುವ ವಸ್ತು, ಕರಗಿದ ನೀರು ಹರಿದುಹೋಗಲು ಕಾಲುವೆ. ಗಂಟೆಗೆ ಎಷ್ಟು ನೀರು ಹರಿಯುತ್ತದೆಂದು ಅಳೆದು ದಿನಚರಿಯಲ್ಲಿ ಬರೆದಿಟ್ಟು, ಯಾವ ಹೊದಿಕೆ ಮೇಲೆಂದು ಹೋಲಿಸಿ ನೋಡಿದ. ಪ್ರಯೋಗಶಾಲೆಯ ವಿದ್ಯಾರ್ಥಿ ಮಾಡುವ ಕೆಲಸವನ್ನೇ ವ್ಯಾಪಾರಿ ಮಾಡಿದ.

ಪಾನೀಯದ ಅಂಗಡಿಯವರಿಗೆ ಮೊದಮೊದಲು ಮಂಜುಗಡ್ಡೆಯನ್ನು ಪುಕ್ಕಟೆ ಕೊಡಿ, ತಣ್ಣನೆಯ ಪಾನೀಯಕ್ಕೂ ಬೆಚ್ಚನೆಯದಕ್ಕೂ ಒಂದೇ ಬೆಲೆ ಇಡಲಿ ಎಂಬುದು ಅವನು ತನ್ನವರಿಗೆ ಹೇಳಿಕೊಟ್ಟ ಉಪಾಯ. ಒಂದು ವಾರ ತಣ್ಣಗೆ ಕುಡಿದವನು ಮತ್ತೆ ಬೆಚ್ಚಗಿನದನ್ನು ಮುಟ್ಟಲಾರ ಎಂಬುದು ಅವನ ಲೆಕ್ಕ. ಲೆಕ್ಕ ಸರಿಯಾಗಿತ್ತು. ಚಾರ್ಲ್‌ಸ್ಟನ್, ಸವಾನಾ, ನ್ಯೂ ಆರ್ಲಿಯನ್ಸ್ ನಗರಗಳಲ್ಲಿ ಒಂದೊಂದಾಗಿ ಮಂಜಿನ ಉಗ್ರಾಣಗಳು ಎದ್ದವು.

ಇನ್ನು ಉತ್ಪಾದನೆಯ ಕಡೆ ನೋಡೋಣ. ಕೊಡಲಿಯಿಂದ ಕಡಿದ ಗಡ್ಡೆಗಳು ಒಂದೊಂದು ಒಂದೊಂದು ಆಕಾರ. ಜೋಡಿಸಿದರೆ ನಡುನಡುವೆ ಸಂದು, ಸಂದಿನಲ್ಲಿ ಗಾಳಿ, ಗಾಳಿಯಿದ್ದಲ್ಲಿ ಕರಗುವಿಕೆ. ಟ್ಯೂಡರನ ಜೊತೆಗಾರ ನಥಾನಿಯಲ್ ವೈಯತ್ 1820ರ ದಶಕದಲ್ಲಿ ಕುದುರೆ ಎಳೆಯುವ ಮಂಜಿನ ನೇಗಿಲನ್ನು ರೂಪಿಸಿದ. ಅದು ಹೆಪ್ಪುಗಟ್ಟಿದ ಕೆರೆಯ ಮೇಲೆ ಸಮಾನಾಂತರ ಗೆರೆ ಕೊರೆಯುತ್ತಿತ್ತು; ಅಡ್ಡಲಾಗಿಯೂ ಕೊರೆದರೆ ಚದುರಂಗದ ಮಣೆಯಂತೆ ಒಂದೇ ಅಳತೆಯ ಚೌಕಗಳು. ಇಟ್ಟಿಗೆಯಂತೆ ಸಂದಿಲ್ಲದೆ ಜೋಡಿಸಬಹುದಾದ ಗಡ್ಡೆಗಳು ಸಿಕ್ಕವು. ಕಡಿಯುವ ಕೂಲಿಯೂ ಬಹಳ ತಗ್ಗಿತು. ಇಪ್ಪತ್ತನೆಯ ಶತಮಾನದಲ್ಲಿ ಒಂದೇ ಅಳತೆಯ ಉಕ್ಕಿನ ಪೆಟ್ಟಿಗೆಗಳು, ಎಂದರೆ ಕಂಟೇನರುಗಳು, ಹಡಗು ಸಾಗಣೆಯನ್ನೇ ಬದಲಾಯಿಸಿದವಷ್ಟೆ. ಅದರ ಮೂಲತತ್ವ ಈ ಕೆರೆಯ ಮೇಲೆಯೇ ಇತ್ತು.

ಹೊಟ್ಟಿನ ಮಾತು. ಮೇನ್ ಪ್ರಾಂತ್ಯದ ಮರ ಕೊಯ್ಯುವ ಗಿರಣಿಗಳ ಬಳಿ ಗರಗಸದ ಹೊಟ್ಟು ಕಸವಾಗಿ ಗುಡ್ಡೆ ಬಿದ್ದಿರುತ್ತಿತ್ತು. ಹೊಟ್ಟಿನ ಕಣಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಸುಲಭವಾಗಿ ಹಾಯಗೊಡುವುದಿಲ್ಲ. ಬೆಲೆಯಿಲ್ಲದ ಹೊಟ್ಟು ಮಂಜಿಗೆ ಕವಚವಾಯಿತು.

ಕರಗಿದರೂ ಉಳಿಯುವ ಲೆಕ್ಕ

ನಾಲ್ಕು ತಿಂಗಳ ಪಯಣದಲ್ಲಿ ಮಂಜುಗಡ್ಡೆ ಪೂರ್ತಿ ಕರಗದಿರಲು ಎರಡು ಕಾರಣಗಳು. ಮೊದಲನೆಯದು ಗುಪ್ತೋಷ್ಣ. ಸೊನ್ನೆ ಡಿಗ್ರಿಯಲ್ಲಿರುವ ಒಂದು ಗ್ರಾಂ ಮಂಜುಗಡ್ಡೆ ಸೊನ್ನೆ ಡಿಗ್ರಿಯ ನೀರಾಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖ ಕೊಟ್ಟರೆ ಆ ನೀರು ಸೊನ್ನೆಯಿಂದ 80 ಡಿಗ್ರಿಗೆ ಏರುತ್ತದೆ! ಮಂಜುಗಡ್ಡೆ ಅಷ್ಟು ಸುಲಭವಾಗಿ ಸೋಲುವ ವಸ್ತುವಲ್ಲ.

ಎರಡನೆಯದು ಗಾತ್ರ. ಒಂದಡಿ ಉದ್ದಗಲದ ಘನಾಕಾರದ ಗಡ್ಡೆಯ ಗಾತ್ರ ಒಂದು ಘನ ಅಡಿ; ಹೊರಮೈ 6 ಚದರಡಿ. ಹತ್ತಡಿ ಉದ್ದಗಲದ ರಾಶಿಯ ಗಾತ್ರ 1,000 ಘನ ಅಡಿ. ಹೊರಮೈ 600 ಚದರಡಿ ಮಾತ್ರ. ಅಂದರೆ ಪ್ರತಿ ಘನ ಅಡಿಗೆ ಆರರ ಬದಲು ಒಂದು ಚದರಡಿಗೂ ಕಡಿಮೆ. ಶಾಖ ಒಳನುಗ್ಗುವುದು ಹೊರಮೈಯಿಂದ. ರಾಶಿ ದೊಡ್ಡದಾದಷ್ಟೂ ಕರಗುವ ಪಾಲು ಕಡಿಮೆ. ಒಂದು ಲೋಟದ ಮಂಜುಗಡ್ಡೆ ಒಂದು ಗಂಟೆ ಬಾಳದಿದ್ದರೂ ಒಂದು ಹಡಗಿನ ಮಂಜುಗಡ್ಡೆ ಸಮುದ್ರಗಳನ್ನು ದಾಟಬಲ್ಲದು.

ಬರಿದಾದ ಹಡಗುಗಳು

ಇಷ್ಟಾದರೂ ಬಾಡಿಗೆ ಗಿಟ್ಟಬೇಕಲ್ಲ. ಬಾಸ್ಟನ್ನಿನ ವ್ಯಾಪಾರಿಗಳು ಕಲ್ಕತ್ತೆಯಿಂದ ನೀಲಿ, ಚರ್ಮ, ಪೆಟ್ಲುಪ್ಪು ಮೊದಲಾದವನ್ನು ತರುತ್ತಿದ್ದರು. ಆದರೆ ಕಲ್ಕತ್ತೆಗೆ ಒಯ್ದು ಮಾರುವಂಥ ಸರಕು ಅವರಲ್ಲಿ ಕಡಿಮೆ. ಹಡಗುಗಳು ಬಹುಪಾಲು ಬರಿದಾಗಿಯೇ ಹೊರಡುತ್ತಿದ್ದವು. ಬರಿದಾದ ಹಡಗು ಅಲೆಗೆ ಮಗುಚದಿರಲು ತಳದಲ್ಲಿ ಕಲ್ಲು ತುಂಬಬೇಕು. ಕಲ್ಲಿಗೆ ಯಾರು ಬಾಡಿಗೆ ಕೊಡುತ್ತಾರೆ? ಸ್ಯಾಮ್ಯುಯೆಲ್ ಆಸ್ಟಿನ್ ಎಂಬ ವ್ಯಾಪಾರಿಗೆ ಈ ಕಷ್ಟ ಗೊತ್ತಿತ್ತು. ಕಲ್ಲಿನ ಬದಲು ಮಂಜುಗಡ್ಡೆ ಒಯ್ದರೆ? ಆಸ್ಟಿನ್, ವಿಲಿಯಂ ರೋಜರ್ಸ್, ಟ್ಯೂಡರ್ ಪಾಲುಗಾರರಾದರು.

1833ರ ಮೇ 12ರಂದು 'ಟಸ್ಕನಿ' ಹಡಗು 180 ಟನ್ ಮಂಜುಗಡ್ಡೆಯೊಂದಿಗೆ ಬಾಸ್ಟನ್ನಿನಿಂದ ಹೊರಟಿತು. ಸೂಯೆಜ್ ಕಾಲುವೆ ಆಗಿನ್ನೂ ಇರಲಿಲ್ಲ. ಅದು ತೆರೆದದ್ದು 1869ರಲ್ಲಿ. ಹಡಗು ಆಫ್ರಿಕದ ತುದಿಯನ್ನು ಸುತ್ತಿ ಬರಬೇಕು. 20,000 ಕಿಲೋಮೀಟರಿಗೂ ಮಿಕ್ಕಿದ ದಾರಿ. ಭೂಮಧ್ಯರೇಖೆಯನ್ನು ಎರಡು ಸಲ ದಾಟಬೇಕು. ಸುಮಾರು ನಾಲ್ಕು ತಿಂಗಳ ಮೇಲೆ, ಸೆಪ್ಟೆಂಬರಿನಲ್ಲಿ, ಹಡಗು ಹೂಗ್ಲಿ ನದಿಯನ್ನು ಹೊಕ್ಕಿತು. ಹಡಗಿನ ಒಳಗೆ ಸುಮಾರು 100 ಟನ್ ಮಂಜುಗಡ್ಡೆ ಉಳಿದಿತ್ತು.

ಕಲ್ಕತ್ತದ ಸ್ವಾಗತ

ಸುಂಕದ ಕಚೇರಿಯ ಕಾಗದಪತ್ರ ಮುಗಿಯುವವರೆಗೆ ಕಾಯಬಲ್ಲ ಸರಕು ಇದಲ್ಲ. ಹಗಲಿನ ಬಿಸಿಲಲ್ಲಿ ಇಳಿಸುವಂತೆಯೂ ಇಲ್ಲ. ಆಡಳಿತ ಇದನ್ನು ಅರ್ಥ ಮಾಡಿಕೊಂಡಿತು. ಸುಂಕವನ್ನು ಬಿಟ್ಟುಕೊಟ್ಟಿತು, ನಿಯಮ ಸಡಿಲಿಸಿ ರಾತ್ರಿ ಹೊತ್ತು ಇಳಿಸಲು ಅನುಮತಿ ಕೊಟ್ಟಿತು. ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್ ಮೆಚ್ಚುಗೆಯ ಗುರುತಾಗಿ ರೋಜರ್ಸನಿಗೆ ಬೆಳ್ಳಿಯ ಬಟ್ಟಲೊಂದನ್ನು ನೀಡಿದ. ಈ ಬೆಂಟಿಂಕ್ ನಿಮಗೆ ಹೊಸಬನಲ್ಲ. 1829ರಲ್ಲಿ ಸತಿ ಪದ್ಧತಿಯನ್ನು ನಿಷೇಧಿಸಿದವನು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡವನೂ ಅವನೇ.

ಹೂಗ್ಲಿಯ ಮಣ್ಣು ಮಿಶ್ರಿತ ಮಂಜಿನ ಎದುರು ಗಾಜಿನಂತೆ ತಿಳಿಯಾದ ಈ ಗಡ್ಡೆಯನ್ನು ಜನ ಬೆರಗಿನಿಂದ ನೋಡಿದರು. ಊರಿನವರು ಚಂದಾ ಎತ್ತಿ ದೊಡ್ಡ ಮಂಜಿನ ಮನೆಯನ್ನೇ ಕಟ್ಟಿಸಿದರು. ಮಾರ್ಟಿನಿಕ್‌ನ ಕಥೆ ನೆನಪಿದೆಯಲ್ಲವೇ? ಅಲ್ಲಿ ವ್ಯಾಪಾರಿ ಗೋದಾಮಿಲ್ಲದೆ ಸೋತಿದ್ದ. ಇಲ್ಲಿ ಗ್ರಾಹಕರೇ ಗೋದಾಮು ಕಟ್ಟಿಕೊಟ್ಟರು.

ಆದರೆ ಅಭ್ಯಾಸವಾದ ಮೇಲೆ ಕೊರತೆಯ ಕಷ್ಟ ಹೆಚ್ಚು. ಗಾಳಿಯನ್ನು ನಂಬಿದ ಹಡಗು ಹೇಳಿದ ದಿನಕ್ಕೆ ಬರಬೇಕೆಂದಿಲ್ಲ. ತಡವಾದಾಗ ಉಗ್ರಾಣ ಬರಿದಾಗುತ್ತಿತ್ತು. ಉಳಿದ ಸ್ವಲ್ಪವನ್ನು ಅಳೆದು ಹಂಚಬೇಕಾಗುತ್ತಿತ್ತು. ಗ್ರಾಹಕ ಸೇವೆಯ ದೊಡ್ಡ ಸೂತ್ರ ಇಲ್ಲಿದೆ. ಒಮ್ಮೆ ಒಳ್ಳೆಯ ಸರಕು ಕೊಡುವುದು ಸುಲಭ. ತಪ್ಪದೆ ಕೊಡುತ್ತಿರುವುದು ಕಷ್ಟ. ಅದಕ್ಕಾಗಿಯೇ ದಾಸ್ತಾನು ಬೇಕು. ಕರಗುವ ಸರಕಿಗೆ ದಾಸ್ತಾನು ಇಡುವುದೆಂದರೆ ದಿನವೂ ಸ್ವಲ್ಪ ಕಳೆದುಕೊಳ್ಳಲು ಒಪ್ಪಿದಂತೆ. ಆ ನಷ್ಟ ವಿಶ್ವಾಸಕ್ಕೆ ತೆರುವ ಬೆಲೆ.

1834ರಲ್ಲಿ ಮುಂಬಯಿಗೂ ಮಂಜುಗಡ್ಡೆ ಬಂತು. ಪಾರಸಿ ವರ್ತಕ ಜಮ್‌ಷೆಟ್‌ಜಿ ಜೀಜೀಭಾಯ್ ಔತಣದಲ್ಲಿ ಐಸ್ ಕ್ರೀಂ ಬಡಿಸಿದರೆಂದೂ, ಬಡಿಸಿದವರಿಗೂ ತಿಂದವರಿಗೂ ನೆಗಡಿಯಾಯಿತೆಂದು ಅಲ್ಲಿನ ಪತ್ರಿಕೆ ಬರೆಯಿತೆಂದೂ ಹೇಳುತ್ತಾರೆ. ಮದರಾಸಿನಲ್ಲಿ 1842ರ ಸುಮಾರಿಗೆ ಕಡಲ ದಂಡೆಯಲ್ಲಿ ದುಂಡನೆಯ ಮಂಜಿನ ಮನೆ ಎದ್ದಿತು. ನೀವು ಚೆನ್ನೈಗೆ ಹೋದರೆ ಅದನ್ನು ಈಗಲೂ ನೋಡಬಹುದು. 1897ರಲ್ಲಿ ಪಶ್ಚಿಮದಿಂದ ಮರಳಿದ ಸ್ವಾಮಿ ವಿವೇಕಾನಂದರು ಕೆಲವು ದಿನ ತಂಗಿದ್ದ ಕಟ್ಟಡ ಅದೇ. ಇಂದು ಅದರ ಹೆಸರು ವಿವೇಕಾನಂದರ್ ಇಲ್ಲಂ. ಆ ಬಡಾವಣೆಯನ್ನು ಜನ ಇಂದಿಗೂ 'ಐಸ್ ಹೌಸ್' ಎನ್ನುತ್ತಾರೆ.

ಬಾಸ್ಟನ್ನಿನಿಂದ ರವಾನೆಯಾದ ಮಂಜುಗಡ್ಡೆ 1806ರಲ್ಲಿ 130 ಟನ್, 1826ರಲ್ಲಿ 4,000, 1846ರಲ್ಲಿ 65,000, 1856ರಲ್ಲಿ 1,46,000 ಟನ್. 1846-47ರ ಚಳಿಗಾಲದಲ್ಲಿ ವಾಲ್ಡನ್ ಕೊಳದ ಬಳಿ ಗುಡಿಸಲಿನಲ್ಲಿದ್ದ ಲೇಖಕ ಹೆನ್ರಿ ಥೋರೊ, ನೂರು ಮಂದಿ ಐರಿಶ್ ಕೂಲಿಗಳು ದಿನವೂ ಬಂದು ಆ ಕೊಳದ ಮಂಜನ್ನು ಕಡಿಯುವುದನ್ನು ಕಂಡ. ತನ್ನ ಬಾವಿಯ ನೀರನ್ನು ಮದರಾಸು, ಮುಂಬಯಿ, ಕಲ್ಕತ್ತದವರು ಕುಡಿಯುತ್ತಾರಲ್ಲ ಎಂದು ಯೋಚಿಸಿದ.

ಯಾರ ಲೋಟಕ್ಕೆ?

ಇಲ್ಲಿಗೆ ನಿಲ್ಲಿಸಿದರೆ ಇದು ಒಬ್ಬ ಸಾಹಸಿಯ ಗೆಲುವಿನ ಕಥೆಯಾಗುತ್ತದೆ. ಆದರೆ ಚರಿತ್ರೆ ಓದುವವರು ಇನ್ನೊಂದು ಪ್ರಶ್ನೆ ಕೇಳಬೇಕು. ಆ ಮಂಜುಗಡ್ಡೆ ಯಾರ ಲೋಟಕ್ಕೆ ಬಿತ್ತು?

ಕೊಂಡವರು ಹೆಚ್ಚಾಗಿ ಯೂರೋಪಿಯನ್ನರು, ಜೊತೆಗೆ ನಮ್ಮವರಲ್ಲಿ ಸಿರಿವಂತರಾದ ಕೆಲವರು. ಜ್ವರದ ರೋಗಿಗಳಿಗೂ ವೈದ್ಯರು ಬಳಸಿದರು, ನಿಜ. ಆದರೆ ಹಡಗಿನಿಂದ ಗಡ್ಡೆಗಳನ್ನು ಇಳಿಸಿ ಹೊತ್ತ ಕೂಲಿಗೆ ಸಿಕ್ಕಿದ್ದು ಹೆಗಲ ಮೇಲೆ ಸೋರಿದ ನೀರು. ಬಾಸ್ಟನ್ನಿನ ಕೊಳದ ಮೇಲೆ ನಡುಗುತ್ತ ದುಡಿದ ಐರಿಶ್ ಬಡವನಿಗೂ ಕಲ್ಕತ್ತದ ಬಿಸಿಲಲ್ಲಿ ಹೊತ್ತ ಕೂಲಿಗೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಇಬ್ಬರ ಶ್ರಮವೂ ಒಂದೇ ಲೋಟದಲ್ಲಿ ಕರಗಿತು.

1834ರಲ್ಲಿ ಜೇಕಬ್ ಪರ್ಕಿನ್ಸ್ ಆವಿಯನ್ನು ಒತ್ತಿ ತಂಪುಗೊಳಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದಿದ್ದ. ಟಸ್ಕನಿ ಹಡಗು ಹೂಗ್ಲಿಗೆ ಬಂದ ಮರುವರ್ಷವೇ! ಆ ಯಂತ್ರಗಳು ಸುಧಾರಿಸಿ ನಮ್ಮಲ್ಲಿಗೆ ಬರಲು ಹಲವು ದಶಕಗಳೇ ಬೇಕಾದವು. 1864ರಲ್ಲಿ ಟ್ಯೂಡರ್ ತೀರಿಕೊಂಡ. 1870ರ ದಶಕದಲ್ಲಿ ಮದರಾಸಿನಲ್ಲಿಯೂ ಕಲ್ಕತ್ತದಲ್ಲಿಯೂ ಯಂತ್ರದ ಮಂಜುಗಡ್ಡೆ ತಯಾರಾಗತೊಡಗಿತು. ಹಡಗಿನ ಮಂಜು ಸೋತಿತು. ಕಲ್ಕತ್ತದ ಮಂಜಿನ ಮನೆಯನ್ನು 1882ರಲ್ಲಿ ಕೆಡವಿದರು.

ಹಡಗು ಹೋಯಿತು, ಪಾಠ ಉಳಿಯಿತು

1962ರಲ್ಲಿ ನಿರ್ವಹಣಾ ತಜ್ಞ ಪೀಟರ್ ಡ್ರಕರ್, ಸರಕು ವಿತರಣೆಯನ್ನು ಅರ್ಥವ್ಯವಸ್ಥೆಯೊಳಗಿನ ಕತ್ತಲ ಖಂಡಕ್ಕೆ ಹೋಲಿಸಿದರು. ಎಲ್ಲರಿಗೂ ಕಾರ್ಖಾನೆ ಕಾಣುತ್ತದೆ, ಅಂಗಡಿ ಕಾಣುತ್ತದೆ. ನಡುವಿನ ದಾರಿ ಕಾಣುವುದಿಲ್ಲ ಎಂಬುದು ಆ ಮಾತಿನ ತಿರುಳು. ಸರಿಯಾದ ಸರಕನ್ನು, ಸರಿಯಾದ ಪ್ರಮಾಣದಲ್ಲಿ, ಸರಿಯಾದ ಸ್ಥಿತಿಯಲ್ಲಿ, ಸರಿಯಾದ ಸ್ಥಳಕ್ಕೆ, ಸರಿಯಾದ ವೇಳೆಗೆ, ಸರಿಯಾದ ಗ್ರಾಹಕನಿಗೆ, ಸರಿಯಾದ ವೆಚ್ಚದಲ್ಲಿ ಮುಟ್ಟಿಸುವುದು ಎಂದು ನಿಮ್ಮಲ್ಲಿ ವಾಣಿಜ್ಯ ಓದುವವರು ಏಳು ಅಂಶಗಳನ್ನು ಬಾಯಿಪಾಠ ಮಾಡಿರುತ್ತೀರಿ. ಆ ಏಳನ್ನೂ ಟ್ಯೂಡರನ ಕಥೆಯ ಮೇಲೆ ಒಂದೊಂದಾಗಿ ಇಟ್ಟು ನೋಡಿ. ಯಾವುದರಲ್ಲಿ ಯಾವಾಗ ಸೋತ, ಯಾವುದರಲ್ಲಿ ಗೆದ್ದ ಎಂಬುದು ಸ್ಪಷ್ಟವಾಗುತ್ತದೆ.

ನಮ್ಮ ಸುತ್ತಲೂ ಈ ಪಾಠ ನಡೆಯುತ್ತಲೇ ಇದೆ. ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ಮೀನಿನ ಪೆಟ್ಟಿಗೆಗಳಿಗೆ ಪುಡಿ ಮಂಜುಗಡ್ಡೆ ತುಂಬುವುದನ್ನು ನೀವು ಕಂಡಿರಬಹುದು. ಕರೆದ ಹಾಲು ಕೆಡುವ ಮೊದಲೇ ಅದನ್ನು ತಂಪುಗೊಳಿಸಿ ನಗರಕ್ಕೆ ಮುಟ್ಟಿಸುವ ವ್ಯವಸ್ಥೆ ಇಲ್ಲದಿದ್ದರೆ ಹಳ್ಳಿಯ ಒಂದು ಹಸುವಿನ ಒಡತಿಗೆ ಪೇಟೆ ಎಂದೂ ಎಟುಕುತ್ತಿರಲಿಲ್ಲ.

ಎಲ್ಲಕ್ಕಿಂತ ಮಿಗಿಲಾದ ಉದಾಹರಣೆ ಲಸಿಕೆಯದು. ಬಾಯಿಗೆ ಹಾಕುವ ಪೋಲಿಯೊ ಲಸಿಕೆ ಶಾಖಕ್ಕೆ ಬಹುಬೇಗ ಕೆಡುತ್ತದೆ. ಕೆಟ್ಟ ಹನಿಯೂ ಒಳ್ಳೆಯ ಹನಿಯೂ ನೋಡಲು ಒಂದೇ. 1995ರಲ್ಲಿ ದೇಶವ್ಯಾಪಿ ಪಲ್ಸ್ ಪೋಲಿಯೊ ಕಾರ್ಯಕ್ರಮ ಆರಂಭವಾದಾಗ ಎದುರಾದ ಸವಾಲು ಟ್ಯೂಡರನದೇ: ಉಗ್ರಾಣದಿಂದ ಕೊನೆಯ ಮನೆಯವರೆಗೆ ತಂಪು ಕೆಡಬಾರದು. ಆರೋಗ್ಯ ಕಾರ್ಯಕರ್ತೆಯ ಹೆಗಲಿನ ಪೆಟ್ಟಿಗೆಯಲ್ಲಿ ನಾಲ್ಕು ಮಂಜಿನ ಪೊಟ್ಟಣಗಳು. ನಡುವೆ ಲಸಿಕೆಯ ಸೀಸೆಗಳು. ಕೆಲವು ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಆದ್ದರಿಂದ ಅಂಥವನ್ನು ಒಯ್ಯುವಾಗ ಮಂಜಿನ ಪೊಟ್ಟಣವನ್ನು ಸ್ವಲ್ಪ ಕರಗಲು ಬಿಟ್ಟು, ಅಲುಗಾಡಿಸಿ, ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಪೆಟ್ಟಿಗೆಗೆ ಇಡುತ್ತಾರೆ. ಪೋಲಿಯೊ ಸೀಸೆಯ ಚೀಟಿಯ ಮೇಲೆ ಒಂದು ವೃತ್ತ, ಒಳಗೆ ಒಂದು ಚೌಕ. ಶಾಖ ತಗಲಿದಷ್ಟೂ ಚೌಕದ ಬಣ್ಣ ಗಾಢವಾಗುತ್ತದೆ. ಅದು ವೃತ್ತದ ಬಣ್ಣಕ್ಕೆ ಸಮನಾದರೆ ಆ ಸೀಸೆಯನ್ನು ಬಳಸುವಂತಿಲ್ಲ. ದಾರಿಯಲ್ಲಿ ಆದ ತಪ್ಪನ್ನು ಸರಕೇ ಬಾಯಿಬಿಟ್ಟು ಹೇಳುವ ಏರ್ಪಾಡು ಇದು.

ಭಾರತದಲ್ಲಿ ಕಾಡು ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ಭಾರತವನ್ನು ಒಳಗೊಂಡ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಭೂಪಟ ತೆಗೆದು ಹೌರಾ ಎಲ್ಲಿದೆ ನೋಡಿ. ಕಲ್ಕತ್ತದ ಎದುರು ದಂಡೆಯಲ್ಲಿದೆ. 1833ರಲ್ಲಿ ಟಸ್ಕನಿ ಮಂಜುಗಡ್ಡೆ ಹೊತ್ತು ಬಂದದ್ದು ಅದೇ ಹೂಗ್ಲಿ ನದಿಯಲ್ಲಿ. ಅಂದು ಮಂಜು ಬಂದದ್ದು ಹಣ ಕೊಡಬಲ್ಲವರ ಪಾನೀಯಕ್ಕೆ. ನಮ್ಮ ಕಾಲದಲ್ಲಿ ಅದು ಬಂದದ್ದು ಬಾಗಿಲು ಬಾಗಿಲಿಗೆ, ಕಾಸು ಕೇಳದೆ, ಪ್ರತಿ ಮಗುವಿಗೆ. ಭೌತಶಾಸ್ತ್ರದ ನಿಯಮ ಎರಡೂ ಸಲ ಒಂದೇ. ಯಾರನ್ನು ಗ್ರಾಹಕರೆಂದು ಎಣಿಸಿದರು ಎಂಬುದಷ್ಟೇ ಬೇರೆ.

ನೀವೇ ಮಾಡಿ ನೋಡಿ

ಒಂದೇ ಅಳತೆಯ ಮೂರು ಮಂಜಿನ ತುಂಡುಗಳನ್ನು ತೆಗೆದುಕೊಳ್ಳಿ. ಒಂದನ್ನು ಬರಿಯ ತಟ್ಟೆಯಲ್ಲಿ, ಇನ್ನೊಂದನ್ನು ಉಣ್ಣೆ ಬಟ್ಟೆಯಲ್ಲಿ ಸುತ್ತಿ, ಮೂರನೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಣ ಹೊಟ್ಟಿನಲ್ಲಿ ಹೂತು, ಒಂದೇ ನೆರಳಿನಲ್ಲಿಡಿ. ಅರ್ಧ ಗಂಟೆಗೊಮ್ಮೆ ಕರಗಿದ ನೀರನ್ನು ಅಳೆದು ಬರೆಯಿರಿ. ಆಮೇಲೆ ಹೊಟ್ಟನ್ನು ಒದ್ದೆ ಮಾಡಿ ಮತ್ತೊಮ್ಮೆ ಮಾಡಿ. ವ್ಯತ್ಯಾಸ ಕಂಡರೆ ಕಾರಣ ಹುಡುಕಿ. ಟ್ಯೂಡರ್ ಉಗ್ರಾಣಕ್ಕೆ ನೀರಿನ ಕಾಲುವೆ ಇಟ್ಟದ್ದು ಏಕೆಂಬುದಕ್ಕೂ ಉತ್ತರ ಸಿಗಬಹುದು. ಫಲಿತಾಂಶವನ್ನು ನಮಗೆ ಬರೆದು ತಿಳಿಸಿ.

ಮುಂದಿನ ಸಲ ಅಂಗಡಿಯಲ್ಲಿ ತಣ್ಣನೆಯ ಹಾಲಿನ ಪೊಟ್ಟಣವೋ ಔಷಧದ ಸೀಸೆಯೋ ಕೈಗೆ ಬಂದಾಗ, ಅದು ಬಂದ ದಾರಿಯನ್ನು ಒಮ್ಮೆ ಮನಸ್ಸಿನಲ್ಲೇ ಹಿಂದಕ್ಕೆ ನಡೆದು ನೋಡಿ. ಆ ದಾರಿಯುದ್ದಕ್ಕೂ ಶಾಖವನ್ನು ತಡೆಯುತ್ತ ನಿಂತ ಎಷ್ಟೋ ಜನ ಕಾಣಿಸುತ್ತಾರೆ. ಅರಸೀಕೆರೆಯ ಆ ಅಜ್ಜನೂ ಅವರಲ್ಲಿ ಒಬ್ಬರು.